ಮಧುಗಿರಿ ಉಪವಿಭಾಗದ ಶಾಸಕರು

ಮಧುಗಿರಿ ಉಪವಿಭಾಗದ ಶಾಸಕರು ಎಂದರೆ ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ವಿಧಾನಸಭಾ ಕ್ಷೇತ್ರಗಳಿಂದ ಕರ್ನಾಟಕ ವಿಧಾನಸಭೆಗೆ ಆಯ್ಕೆಯಾಗುವ ನಾಲ್ವರು ಜನಪ್ರತಿನಿಧಿಗಳು. ಈ ನಾಲ್ಕು ತಾಲ್ಲೂಕುಗಳು ಕಂದಾಯ ಇಲಾಖೆಯ ಲೆಕ್ಕದಲ್ಲಿ ಒಂದೇ ಉಪವಿಭಾಗಕ್ಕೆ ಸೇರಿವೆ. ಶಿಕ್ಷಣ ಇಲಾಖೆಯು ಇವನ್ನೇ ಸೇರಿಸಿ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎಂದು ಗುರುತಿಸಿದೆ. ಗೃಹ, ಕಾನೂನು, ಸಹಕಾರ, ಅರಣ್ಯ, ಕಾರ್ಮಿಕ ಖಾತೆಗಳ ಸಚಿವರನ್ನೂ ಒಬ್ಬ ಉಪಮುಖ್ಯಮಂತ್ರಿಯನ್ನೂ ಈ ಬಯಲುಸೀಮೆಯ ಮೂಲೆ ಕೊಟ್ಟಿದೆ. ಇಲ್ಲಿನ ಶಾಸಕರ ರಾಜಕೀಯ ಜೀವನವನ್ನು ರೂಪಿಸಿದ್ದರಲ್ಲಿ ಪಕ್ಷಗಳಷ್ಟೇ ಪಾತ್ರ ಕ್ಷೇತ್ರದ ಗಡಿ ಮತ್ತು ಮೀಸಲಾತಿಯ ಬದಲಾವಣೆಗಳದ್ದು. ಅವರ ಕೆಲಸವನ್ನು ಅಳೆಯುವ ಮಾನದಂಡ ಬಹುಮಟ್ಟಿಗೆ ಒಂದೇ, ಅದು ನೀರು.

ಹಿನ್ನೆಲೆ

ಮೈಸೂರು ಸಂಸ್ಥಾನದಲ್ಲಿ 1881ರಲ್ಲಿ ಪ್ರಜಾಪ್ರತಿನಿಧಿ ಸಭೆ, 1907ರಲ್ಲಿ ನ್ಯಾಯ ವಿಧಾಯಕ ಸಭೆ ಆರಂಭವಾದವು. ವಯಸ್ಕ ಮತದಾನದ ಮೇಲೆ ನಡೆದ ಮೊದಲ ಚುನಾವಣೆ 1952ರದು. ಆಗ ಮೈಸೂರು ವಿಧಾನಸಭೆಯ ಸದಸ್ಯಬಲ 99. ರಾಜ್ಯ ಪುನರ್ವಿಂಗಡಣೆಯ ನಂತರ 1957ರಲ್ಲಿ 208, 1967ರಲ್ಲಿ 216, 1978ರಲ್ಲಿ 224 ಆಯಿತು. ಅಲ್ಲಿಂದೀಚೆಗೆ ಸಂಖ್ಯೆ ಬದಲಾಗಿಲ್ಲ, ಕ್ಷೇತ್ರಗಳ ಗಡಿ ಮಾತ್ರ ಬದಲಾಗಿದೆ. ಹಿಂದೆ ಮಧುಗಿರಿ ಹೆಸರಿನ ಲೋಕಸಭಾ ಕ್ಷೇತ್ರವೂ ಇತ್ತು. ಆರಂಭದ ದಶಕಗಳ ಮಧುಗಿರಿ ನಾಯಕರಲ್ಲಿ ಮಾಲಿ ಮರಿಯಪ್ಪ ಅವರ ಹೆಸರು ಪಟ್ಟಣದ ರಂಗಮಂದಿರದ ಮೂಲಕ ಇಂದಿಗೂ ಬಳಕೆಯಲ್ಲಿದೆ.

ಕ್ಷೇತ್ರಗಳ ರಚನೆ

ತುಮಕೂರು ಜಿಲ್ಲೆಯಲ್ಲಿ ಹತ್ತು ತಾಲ್ಲೂಕು, ಹನ್ನೊಂದು ವಿಧಾನಸಭಾ ಕ್ಷೇತ್ರಗಳಿವೆ. ಇವುಗಳಲ್ಲಿ ಕೊರಟಗೆರೆಯ ಕ್ರಮಸಂಖ್ಯೆ 134, ಶಿರಾ 136, ಪಾವಗಡ 137, ಮಧುಗಿರಿ 138. ಕೊರಟಗೆರೆ ಮತ್ತು ಪಾವಗಡ ಪರಿಶಿಷ್ಟ ಜಾತಿಗೆ ಮೀಸಲು; ಶಿರಾ ಮತ್ತು ಮಧುಗಿರಿ ಸಾಮಾನ್ಯ ಕ್ಷೇತ್ರಗಳು.

ತಾಲ್ಲೂಕಿನ ಗಡಿಯೇ ಕ್ಷೇತ್ರದ ಗಡಿಯಲ್ಲ. ಮಧುಗಿರಿ ತಾಲ್ಲೂಕಿನ ಪುರವರ ಹೋಬಳಿ ಮತ್ತು ತುಮಕೂರು ತಾಲ್ಲೂಕಿನ ಕೋರಾ ಹೋಬಳಿ ಕೊರಟಗೆರೆ ಕ್ಷೇತ್ರದಲ್ಲಿವೆ. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಹೋಬಳಿ ಚಿಕ್ಕನಾಯಕನಹಳ್ಳಿ ಕ್ಷೇತ್ರಕ್ಕೆ ಸೇರಿದೆ. ಹೀಗಾಗಿ ಪುರವರದ ರೈತ ಪಹಣಿ ತಿದ್ದುಪಡಿಗೆ ಮಧುಗಿರಿ ತಾಲ್ಲೂಕು ಕಚೇರಿಗೆ ಹೋಗಬೇಕು, ರಸ್ತೆ ಕೇಳಲು ಕೊರಟಗೆರೆ ಶಾಸಕರ ಹತ್ತಿರ ಹೋಗಬೇಕು.

ಲೋಕಸಭೆಯ ಮಟ್ಟದಲ್ಲಿಯೂ ಉಪವಿಭಾಗ ಎರಡಾಗಿ ಒಡೆದಿದೆ. ಮಧುಗಿರಿ ಮತ್ತು ಕೊರಟಗೆರೆ ತುಮಕೂರು ಕ್ಷೇತ್ರದಲ್ಲಿವೆ. ಶಿರಾ ಮತ್ತು ಪಾವಗಡ ಪರಿಶಿಷ್ಟ ಜಾತಿಗೆ ಮೀಸಲಾದ ಚಿತ್ರದುರ್ಗ ಕ್ಷೇತ್ರದಲ್ಲಿವೆ. ಒಂದೇ ಜಿಲ್ಲಾಡಳಿತದ ಕೆಳಗಿನ ನಾಲ್ವರು ಶಾಸಕರು ಕೇಂದ್ರದ ಕೆಲಸಗಳಿಗೆ ಇಬ್ಬರು ಸಂಸದರನ್ನು ಆಶ್ರಯಿಸಬೇಕಾಗುತ್ತದೆ. ತುಮಕೂರು–ರಾಯದುರ್ಗ ರೈಲು ಮಾರ್ಗ ಇದಕ್ಕೆ ಒಳ್ಳೆಯ ಉದಾಹರಣೆ. ಅದು ಕೊರಟಗೆರೆ, ಮಧುಗಿರಿ, ಪಾವಗಡಗಳನ್ನು ದಾಟಿ ಆಂಧ್ರಕ್ಕೆ ಹೋಗುವಂತೆ ಯೋಜಿತವಾಗಿದೆ. ಶಿರಾ ಮೂಲಕ ಹಾದುಹೋಗುವುದು ತುಮಕೂರು–ದಾವಣಗೆರೆ ಮಾರ್ಗ.

ಪಾವಗಡದ ಸ್ಥಿತಿ ಉಳಿದ ಮೂರಕ್ಕಿಂತ ಬೇರೆ. ತಾಲ್ಲೂಕಿನ ಬಹುಭಾಗವನ್ನು ಆಂಧ್ರ ಪ್ರದೇಶ ಸುತ್ತುವರಿದಿದೆ. ಮನೆಮಾತು ತೆಲುಗು, ಕಚೇರಿ ಮಾತು ಕನ್ನಡ ಎನ್ನುವ ಕುಟುಂಬಗಳು ಇಲ್ಲಿ ಬಹಳ. ಚುನಾವಣಾ ಪ್ರಚಾರ ಎರಡೂ ಭಾಷೆಗಳಲ್ಲಿ ನಡೆಯುತ್ತದೆ.

2008ರ ಮರುವಿಂಗಡಣೆ

2001ರ ಜನಗಣತಿಯ ಆಧಾರದ ಮೇಲೆ ನಡೆದ ಕ್ಷೇತ್ರ ಮರುವಿಂಗಡಣೆ 2008ರ ಫೆಬ್ರುವರಿಯಲ್ಲಿ ಜಾರಿಗೆ ಬಂತು. ಅದರ ಅಡಿಯಲ್ಲಿ ಮೊದಲು ಚುನಾವಣೆ ನಡೆದ ರಾಜ್ಯ ಕರ್ನಾಟಕ. ಈ ಭಾಗದ ರಾಜಕೀಯವನ್ನು ಇಷ್ಟು ಅಲುಗಿಸಿದ ಆದೇಶ ಇನ್ನೊಂದಿಲ್ಲ.

ಅಲ್ಲಿಯವರೆಗೆ ಪರಿಶಿಷ್ಟ ಜಾತಿಗೆ ಮೀಸಲಾಗಿದ್ದ ಮಧುಗಿರಿ ಸಾಮಾನ್ಯ ಕ್ಷೇತ್ರವಾಯಿತು. ಸಾಮಾನ್ಯವಾಗಿದ್ದ ಕೊರಟಗೆರೆ ಮೀಸಲಾಯಿತು. ಕಳ್ಳಂಬೆಳ್ಳ ಮತ್ತು ಬೆಳ್ಳಾವಿ ಕ್ಷೇತ್ರಗಳು ರದ್ದಾದವು. ಇದರ ಪರಿಣಾಮವಾಗಿ ಜಿಲ್ಲೆಯ ನಾಲ್ಕು ರಾಜಕೀಯ ಮನೆಗಳು ಒಂದೇ ಬಾರಿಗೆ ಜಾಗ ಬದಲಿಸಿದವು. ಮಧುಗಿರಿಯಲ್ಲಿ ಮೂರು ಬಾರಿ ಗೆದ್ದಿದ್ದ ಜಿ. ಪರಮೇಶ್ವರ ಕೊರಟಗೆರೆಗೆ ಹೋದರು. ಕಳ್ಳಂಬೆಳ್ಳದ ಟಿ.ಬಿ. ಜಯಚಂದ್ರ ಶಿರಾಕ್ಕೆ ಬಂದರು. ಬೆಳ್ಳಾವಿಯ ಕೆ.ಎನ್. ರಾಜಣ್ಣ ಮಧುಗಿರಿಗೆ ಬಂದರು. ಕೊರಟಗೆರೆಯನ್ನು ಮೂರು ಬಾರಿ ಪ್ರತಿನಿಧಿಸಿದ್ದ, ಅರಣ್ಯ ಸಚಿವರಾಗಿದ್ದ ಜೆಡಿಎಸ್‌ನ ಸಿ. ಚನ್ನಿಗಪ್ಪ ಅವರಿಗೆ ಸ್ವಂತ ಕ್ಷೇತ್ರದಲ್ಲಿ ಸ್ಪರ್ಧಿಸುವ ಅವಕಾಶವೇ ಇಲ್ಲವಾಯಿತು. ಅವರ ಮಗ ಡಿ.ಸಿ. ಗೌರಿಶಂಕರ್ 2008ರಲ್ಲಿ ಮಧುಗಿರಿಯಿಂದ ಗೆದ್ದರು. ಚನ್ನಿಗಪ್ಪ 2020ರಲ್ಲಿ ನಿಧನರಾದರು.

ಆಗ ಅಲುಗದೆ ಉಳಿದದ್ದು ಪಾವಗಡ ಮಾತ್ರ. ಅದು ಮೊದಲೂ ಮೀಸಲು, ಆಮೇಲೂ ಮೀಸಲು.

ಪ್ರಮುಖ ಶಾಸಕರು

ಜಿ. ಪರಮೇಶ್ವರ: 1951ರ ಆಗಸ್ಟ್ 6ರಂದು ತುಮಕೂರು ಬಳಿಯ ಗೊಲ್ಲಹಳ್ಳಿಯಲ್ಲಿ ಜನಿಸಿದರು. ತಂದೆ ಎಚ್.ಎಂ. ಗಂಗಾಧರಯ್ಯ 1959ರಲ್ಲಿ ಶ್ರೀ ಸಿದ್ಧಾರ್ಥ ಎಜುಕೇಷನ್ ಸೊಸೈಟಿಯನ್ನು ಸ್ಥಾಪಿಸಿದವರು. ಪರಮೇಶ್ವರ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಆಸ್ಟ್ರೇಲಿಯದ ಅಡಿಲೇಡ್ ವಿಶ್ವವಿದ್ಯಾಲಯದಿಂದ ಸಸ್ಯಶರೀರ ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದರು. ವಿದ್ಯಾರ್ಥಿ ದೆಸೆಯಲ್ಲಿ ಓಟಗಾರರಾಗಿ ಹೆಸರು ಮಾಡಿದ್ದರು. 1989ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಮಧುಗಿರಿಯಿಂದ ಮೊದಲ ಬಾರಿ ವಿಧಾನಸಭೆ ಪ್ರವೇಶಿಸಿದರು. ವೀರಪ್ಪ ಮೊಯಿಲಿ ಸಂಪುಟದಲ್ಲಿ ರೇಷ್ಮೆ ಖಾತೆಯ ರಾಜ್ಯ ಸಚಿವರಾಗಿದ್ದರು. 1999ರಲ್ಲಿ ಅದೇ ಕ್ಷೇತ್ರದಿಂದ 55 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಗೆದ್ದು, ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಉನ್ನತ ಶಿಕ್ಷಣ ಮತ್ತು ವೈದ್ಯಕೀಯ ಶಿಕ್ಷಣ ಖಾತೆಗಳನ್ನು ನಿರ್ವಹಿಸಿದರು. 2004ರಲ್ಲಿ ಮಧುಗಿರಿಯಿಂದ, 2008ರಲ್ಲಿ ಕೊರಟಗೆರೆಯಿಂದ ಗೆದ್ದರು.

2010ರ ಅಕ್ಟೋಬರ್‌ನಿಂದ 2018ರವರೆಗೆ ಕರ್ನಾಟಕ ಪ್ರದೇಶ ಕಾಂಗ್ರೆಸ್ ಸಮಿತಿಯ ಅಧ್ಯಕ್ಷರಾಗಿದ್ದರು. 2013ರ ಚುನಾವಣೆಯಲ್ಲಿ ಅವರ ಅಧ್ಯಕ್ಷತೆಯಲ್ಲಿ ಪಕ್ಷ 122 ಸ್ಥಾನ ಗೆದ್ದು ಅಧಿಕಾರಕ್ಕೆ ಬಂತು. ಅವರು ಮಾತ್ರ ಕೊರಟಗೆರೆಯಲ್ಲಿ ಜೆಡಿಎಸ್‌ನ ಪಿ.ಆರ್. ಸುಧಾಕರ ಲಾಲ್ ಎದುರು 18 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಮುಖ್ಯಮಂತ್ರಿ ಸ್ಥಾನದ ಆಕಾಂಕ್ಷಿಗಳ ಸಾಲಿನಲ್ಲಿದ್ದವರಿಗೆ ಇದು ಬಹು ದೊಡ್ಡ ಹಿನ್ನಡೆ. 2014ರಲ್ಲಿ ವಿಧಾನ ಪರಿಷತ್ತಿಗೆ ಆಯ್ಕೆಯಾಗಿ, 2015ರ ಅಕ್ಟೋಬರ್‌ನಲ್ಲಿ ಗೃಹ ಸಚಿವರಾದರು. 2017ರ ಜೂನ್‌ನಲ್ಲಿ ಪಕ್ಷದ ಕೆಲಸಕ್ಕಾಗಿ ಆ ಸ್ಥಾನ ಬಿಟ್ಟರು. 2018ರಲ್ಲಿ ಸುಧಾಕರ ಲಾಲ್ ಅವರನ್ನು ಸೋಲಿಸಿ ಕೊರಟಗೆರೆಯನ್ನು ಮರಳಿ ಪಡೆದರು. ಎಚ್.ಡಿ. ಕುಮಾರಸ್ವಾಮಿ ನೇತೃತ್ವದ ಮೈತ್ರಿ ಸರ್ಕಾರದಲ್ಲಿ 2018ರ ಮೇ 23ರಿಂದ 2019ರ ಜುಲೈವರೆಗೆ ಉಪಮುಖ್ಯಮಂತ್ರಿಯಾಗಿದ್ದರು. ರಾಜ್ಯದಲ್ಲಿ ಆ ಸ್ಥಾನಕ್ಕೇರಿದ ಮೊದಲ ದಲಿತ ನಾಯಕ ಅವರು. 2023ರಲ್ಲಿಯೂ ಅದೇ ಎದುರಾಳಿಯ ವಿರುದ್ಧ ಗೆದ್ದು ಮತ್ತೆ ಗೃಹ ಖಾತೆ ವಹಿಸಿಕೊಂಡರು. ಕೊರಟಗೆರೆಯಲ್ಲಿ ಹೀಗೆ ಮೂರು ಚುನಾವಣೆ ಇದೇ ಇಬ್ಬರ ನಡುವೆ ನಡೆದಿದೆ.

ಟಿ.ಬಿ. ಜಯಚಂದ್ರ: 1978ರಲ್ಲಿ ಕಳ್ಳಂಬೆಳ್ಳದಿಂದ ಮೊದಲು ಆಯ್ಕೆಯಾದ ಇವರು ಈ ಗುಂಪಿನ ಹಿರಿಯ ಶಾಸಕ. ಕೃಷ್ಣ ಸರ್ಕಾರದಲ್ಲಿ ಕೃಷಿ ಖಾತೆ ನೋಡಿಕೊಂಡಿದ್ದರು. ಕಳ್ಳಂಬೆಳ್ಳ ರದ್ದಾದ ಮೇಲೆ 2008 ಮತ್ತು 2013ರಲ್ಲಿ ಶಿರಾದಿಂದ ಗೆದ್ದರು. 2013–18ರ ಸಿದ್ದರಾಮಯ್ಯ ಸಂಪುಟದಲ್ಲಿ ಕಾನೂನು ಮತ್ತು ಸಂಸದೀಯ ವ್ಯವಹಾರ ಸಚಿವರಾಗಿದ್ದು, ಸಣ್ಣ ನೀರಾವರಿ ಖಾತೆಯನ್ನೂ ನಿರ್ವಹಿಸಿದರು. 2018ರ ಸಾರ್ವತ್ರಿಕ ಚುನಾವಣೆಯಲ್ಲಿಯೂ 2020ರ ಉಪಚುನಾವಣೆಯಲ್ಲಿಯೂ ಸೋತು, 2023ರಲ್ಲಿ ಮರಳಿ ಗೆದ್ದರು. ನಂತರ ದೆಹಲಿಯಲ್ಲಿ ರಾಜ್ಯ ಸರ್ಕಾರದ ವಿಶೇಷ ಪ್ರತಿನಿಧಿಯಾಗಿ ಸಂಪುಟ ದರ್ಜೆಯೊಂದಿಗೆ ನೇಮಕಗೊಂಡರು.

ಕೆ.ಎನ್. ರಾಜಣ್ಣ: ತುಮಕೂರಿಗೆ ಹೊಂದಿಕೊಂಡಿರುವ ಕ್ಯಾತ್ಸಂದ್ರದವರು. ಸಹಕಾರ ರಂಗದಿಂದ ಶಾಸನಸಭೆಗೆ ಬಂದವರು. ತುಮಕೂರು ಜಿಲ್ಲಾ ಕೇಂದ್ರ ಸಹಕಾರ ಬ್ಯಾಂಕಿನ ಅಧ್ಯಕ್ಷರಾಗಿ ದೀರ್ಘಕಾಲ ಇದ್ದು, ರಾಜ್ಯ ಸಹಕಾರ ಅಪೆಕ್ಸ್ ಬ್ಯಾಂಕಿನ ಅಧ್ಯಕ್ಷರೂ ಆಗಿದ್ದರು. 1998ರಲ್ಲಿ ವಿಧಾನ ಪರಿಷತ್ ಸದಸ್ಯರಾದರು. 2004ರಲ್ಲಿ ಜೆಡಿಎಸ್‌ನಿಂದ ಬೆಳ್ಳಾವಿಯಲ್ಲಿ ಗೆದ್ದರು. ಆಮೇಲೆ ಕಾಂಗ್ರೆಸ್ಸಿಗೆ ಬಂದು 2013ರಲ್ಲಿ ಮಧುಗಿರಿ ಶಾಸಕರಾದರು. 2018ರಲ್ಲಿ ಜೆಡಿಎಸ್‌ನ ಎಂ.ವಿ. ವೀರಭದ್ರಯ್ಯ ಎದುರು ಸೋತು, 2023ರಲ್ಲಿ ಅವರನ್ನೇ 35 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋಲಿಸಿದರು. ಪರಿಶಿಷ್ಟ ಪಂಗಡದ ನಾಯಕರೊಬ್ಬರು ಸಾಮಾನ್ಯ ಕ್ಷೇತ್ರದಲ್ಲಿ ಇಷ್ಟು ಅಂತರದಿಂದ ಗೆದ್ದದ್ದಕ್ಕೆ ಸಹಕಾರ ಸಂಘಗಳ ಜಾಲವನ್ನು ಕಾರಣವಾಗಿ ಹೇಳುತ್ತಾರೆ. ಕಡಲೆಕಾಯಿ ಬೆಳೆಯುವ ಮಳೆಯಾಶ್ರಿತ ಹಳ್ಳಿಗಳಲ್ಲಿ ಬಿತ್ತನೆಗೆ ಮೊದಲು ಕೈಗೆ ಬರುವ ದುಡ್ಡು ವ್ಯವಸಾಯ ಸೇವಾ ಸಹಕಾರ ಸಂಘದ ಬೆಳೆ ಸಾಲವೇ. 2023ರ ಮೇನಲ್ಲಿ ಸಹಕಾರ ಸಚಿವರಾದರು. ಶೂನ್ಯ ಬಡ್ಡಿಯ ಅಲ್ಪಾವಧಿ ಸಾಲದ ಮಿತಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿದ್ದು ಅದೇ ವರ್ಷದ ಬಜೆಟ್‌ನಲ್ಲಿ. ಮತದಾರರ ಪಟ್ಟಿಯ ಕುರಿತ ಹೇಳಿಕೆಯ ಬೆನ್ನಲ್ಲೇ 2025ರ ಆಗಸ್ಟ್‌ನಲ್ಲಿ ಅವರನ್ನು ಸಂಪುಟದಿಂದ ಕೈಬಿಡಲಾಯಿತು.

ಪಾವಗಡದ ಶಾಸಕರು: 2004ರಿಂದ ಪಾವಗಡದಲ್ಲಿ ವೆಂಕಟರಮಣಪ್ಪ ಮತ್ತು ಜೆಡಿಎಸ್‌ನ ಕೆ.ಎಂ. ತಿಮ್ಮರಾಯಪ್ಪ ಸರದಿಯಂತೆ ಗೆಲ್ಲುತ್ತ ಬಂದರು. 2004 ಮತ್ತು 2013ರಲ್ಲಿ ತಿಮ್ಮರಾಯಪ್ಪ, 2008 ಮತ್ತು 2018ರಲ್ಲಿ ವೆಂಕಟರಮಣಪ್ಪ. 2008ರಲ್ಲಿ ವೆಂಕಟರಮಣಪ್ಪ ಪಕ್ಷೇತರರಾಗಿ ಗೆದ್ದು, ಬಹುಮತಕ್ಕೆ ಕೆಲವೇ ಸ್ಥಾನ ಕಡಿಮೆಯಿದ್ದ ಬಿ.ಎಸ್. ಯಡಿಯೂರಪ್ಪ ಸರ್ಕಾರವನ್ನು ಬೆಂಬಲಿಸಿ ಸಚಿವರಾದರು. 2010ರ ಅಕ್ಟೋಬರ್‌ನಲ್ಲಿ ಬೆಂಬಲ ಹಿಂತೆಗೆದುಕೊಂಡ ಐವರು ಪಕ್ಷೇತರರನ್ನು ಸ್ಪೀಕರ್ ಕೆ.ಜಿ. ಬೋಪಯ್ಯ ಅನರ್ಹಗೊಳಿಸಿದರು, ಅವರಲ್ಲಿ ಇವರೂ ಒಬ್ಬರು. 2011ರ ಮೇನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದುಪಡಿಸಿತು. ಪಕ್ಷಾಂತರ ನಿಷೇಧ ಕಾನೂನಿನ ಚರ್ಚೆಯಲ್ಲಿ ಈ ತೀರ್ಪು ಇಂದಿಗೂ ಉಲ್ಲೇಖಗೊಳ್ಳುತ್ತದೆ. 2018ರಲ್ಲಿ ಕಾಂಗ್ರೆಸ್ ಅಭ್ಯರ್ಥಿಯಾಗಿ ಕೇವಲ 409 ಮತಗಳಿಂದ ಗೆದ್ದು ಮೈತ್ರಿ ಸರ್ಕಾರದಲ್ಲಿ ಕಾರ್ಮಿಕ ಸಚಿವರಾದರು. 2023ರಲ್ಲಿ ಅವರ ಮಗ ಎಚ್.ವಿ. ವೆಂಕಟೇಶ್ ಕಾಂಗ್ರೆಸ್‌ನಿಂದ ಆಯ್ಕೆಯಾದಾಗ ಸರದಿ ಮುರಿಯಿತು.

ಉಪಚುನಾವಣೆಗಳು

2008ರ ಮರುವಿಂಗಡಣೆಯ ನಂತರ ಈ ಉಪವಿಭಾಗದಲ್ಲಿ ನಡೆದ ಎರಡು ಉಪಚುನಾವಣೆಗಳು ರಾಜ್ಯದ ಗಮನ ಸೆಳೆದವು.

ಮೊದಲನೆಯದು ಮಧುಗಿರಿಯದು. ಜೆಡಿಎಸ್‌ನಿಂದ ಗೆದ್ದ ಗೌರಿಶಂಕರ್ ಕೆಲವೇ ತಿಂಗಳಲ್ಲಿ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಆಪರೇಷನ್ ಕಮಲ ಎಂಬ ಹೆಸರು ಬಳಕೆಗೆ ಬಂದದ್ದು ಇಂಥ ರಾಜೀನಾಮೆಗಳಿಂದ. 2008ರ ಡಿಸೆಂಬರ್‌ನ ಉಪಚುನಾವಣೆಯಲ್ಲಿ ಜೆಡಿಎಸ್ ಎಚ್.ಡಿ. ಕುಮಾರಸ್ವಾಮಿ ಅವರ ಪತ್ನಿ ಅನಿತಾ ಕುಮಾರಸ್ವಾಮಿ ಅವರನ್ನು ನಿಲ್ಲಿಸಿ ಸ್ಥಾನ ಉಳಿಸಿಕೊಂಡಿತು. ಅವರು ವಿಧಾನಸಭೆ ಪ್ರವೇಶಿಸಿದ್ದು ಮಧುಗಿರಿಯ ಮೂಲಕವೇ.

ಎರಡನೆಯದು ಶಿರಾದ್ದು. ಶಾಸಕ, ಜೆಡಿಎಸ್‌ನ ಬಿ. ಸತ್ಯನಾರಾಯಣ 2020ರ ಆಗಸ್ಟ್‌ನಲ್ಲಿ ನಿಧನರಾದರು. ನವೆಂಬರ್ 3ರಂದು ನಡೆದ ಮತದಾನದಲ್ಲಿ ಅವರ ಪತ್ನಿ ಅಮ್ಮಾಜಮ್ಮ ಜೆಡಿಎಸ್‌ನಿಂದ, ಜಯಚಂದ್ರ ಕಾಂಗ್ರೆಸ್‌ನಿಂದ, ವೈದ್ಯ ಸಿ.ಎಂ. ರಾಜೇಶ್ ಗೌಡ ಬಿಜೆಪಿಯಿಂದ ಸ್ಪರ್ಧಿಸಿದ್ದರು. ರಾಜೇಶ್ ಗೌಡ ಹಿಂದೆ ಶಿರಾ ಶಾಸಕರೂ ಚಿತ್ರದುರ್ಗದ ಸಂಸದರೂ ಆಗಿದ್ದ ಕಾಂಗ್ರೆಸ್‌ನ ಸಿ.ಪಿ. ಮೂಡಲಗಿರಿಯಪ್ಪ ಅವರ ಮಗ. 13 ಸಾವಿರಕ್ಕೂ ಹೆಚ್ಚು ಮತಗಳ ಅಂತರದಲ್ಲಿ ಅವರು ಗೆದ್ದಾಗ ಶಿರಾದಲ್ಲಿ ಬಿಜೆಪಿ ಖಾತೆ ತೆರೆಯಿತು. ಪಕ್ಷದ ಪ್ರಚಾರದ ಹೊಣೆ ಯಡಿಯೂರಪ್ಪ ಅವರ ಮಗ ಬಿ.ವೈ. ವಿಜಯೇಂದ್ರ ಅವರದಾಗಿತ್ತು.

ಆ ಚುನಾವಣೆಯ ಕೇಂದ್ರದಲ್ಲಿದ್ದದ್ದು ಒಂದು ಕೆರೆ. ಗೊರೂರಿನ ಹೇಮಾವತಿ ಜಲಾಶಯದ ನೀರು ಬಾಗೂರು–ನವಿಲೆ ಸುರಂಗ ದಾಟಿ ತುಮಕೂರು ನಾಲೆಗೆ ಬರುತ್ತದೆ. ಅದರಿಂದ ಕಳ್ಳಂಬೆಳ್ಳ ಕೆರೆ, ಅಲ್ಲಿಂದ ಶಿರಾ ದೊಡ್ಡಕೆರೆ ತುಂಬುತ್ತವೆ. ಶಿರಾ ಕೆರೆಯಿಂದ ಇನ್ನೂ ಮುಂದಕ್ಕೆ ಮದಲೂರು ಕೆರೆಗೆ ನಾಲೆ ತೋಡಲಾಗಿತ್ತು. ಮುಖ್ಯಮಂತ್ರಿ ಯಡಿಯೂರಪ್ಪ ಮದಲೂರಿನ ಪ್ರಚಾರ ಸಭೆಯಲ್ಲೇ ಆರು ತಿಂಗಳಲ್ಲಿ ಆ ಕೆರೆ ತುಂಬಿಸುವ ಭರವಸೆ ಕೊಟ್ಟರು. ಗೆದ್ದ ಮೇಲೆ ನಾಲೆಗೆ ನೀರು ಬಿಡಲಾಯಿತು. ಮರುವರ್ಷ ಮಾತು ತಿರುಗಿತು. ಮದಲೂರು ಕೆರೆಗೆ ಹೇಮಾವತಿಯಲ್ಲಿ ಅಧಿಕೃತ ಹಂಚಿಕೆ ಇದೆಯೇ ಎಂಬ ಪ್ರಶ್ನೆ ಸರ್ಕಾರದೊಳಗೇ ಎದ್ದು, ಆಗಿನ ಶಾಸಕರೂ ಮಾಜಿ ಶಾಸಕರೂ ನೀರಿಗಾಗಿ ಒತ್ತಾಯಿಸಬೇಕಾಯಿತು. ಹಂಚಿಕೆಯ ಕಡತದಲ್ಲಿ ಹೆಸರಿಲ್ಲದ ಕೆರೆಗೆ ನೀರು ಹರಿಸುವುದು ಪ್ರತಿ ಮಳೆಗಾಲವೂ ಹೊಸದಾಗಿ ಗೆಲ್ಲಬೇಕಾದ ಕೆಲಸ.

ಅಧಿಕಾರ ಮತ್ತು ದಿನನಿತ್ಯದ ಕೆಲಸ

ಸಂವಿಧಾನದ ಪ್ರಕಾರ ಶಾಸಕನ ಕೆಲಸ ಕಾನೂನು ಮಾಡುವುದು, ಬಜೆಟ್‌ಗೆ ಒಪ್ಪಿಗೆ ಕೊಡುವುದು, ಸರ್ಕಾರವನ್ನು ಪ್ರಶ್ನಿಸುವುದು. ತಾಲ್ಲೂಕು ಮಟ್ಟದಲ್ಲಿ ಅವರ ನಿಜವಾದ ಹಿಡಿತ ಇರುವುದು ಸಮಿತಿಗಳಲ್ಲಿ.

ಬಗರ್ ಹುಕುಂ ಸಕ್ರಮೀಕರಣ ಸಮಿತಿಗೆ ಶಾಸಕರೇ ಅಧ್ಯಕ್ಷರು. ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡುತ್ತಿರುವವರು ಫಾರಂ 50, 53, 57ರಲ್ಲಿ ಸಲ್ಲಿಸಿದ ಅರ್ಜಿಗಳು ಈ ಸಮಿತಿಯ ಮುಂದೆ ಬರುತ್ತವೆ; ತಹಶೀಲ್ದಾರರು ಅದರ ಕಾರ್ಯದರ್ಶಿ. ಸಾಗುವಳಿ ಚೀಟಿ ಸಿಗುವುದು ಇಲ್ಲಿ ತೀರ್ಮಾನವಾದ ಮೇಲೆ. ಗೋಮಾಳ ಮತ್ತು ಬೀಳು ಹೆಚ್ಚಿರುವ ಈ ತಾಲ್ಲೂಕುಗಳಲ್ಲಿ ಸದನದ ಭಾಷಣಕ್ಕಿಂತ ಈ ಸಭೆಯ ತೀರ್ಮಾನವೇ ಬಹುಪಾಲು ಮತದಾರರನ್ನು ಮುಟ್ಟುತ್ತದೆ.

ನಿವೇಶನ ಮತ್ತು ಮನೆ ಹಂಚಿಕೆಯ ಆಶ್ರಯ ಸಮಿತಿಗೂ, ಸರ್ಕಾರಿ ಕಾಲೇಜುಗಳ ಅಭಿವೃದ್ಧಿ ಸಮಿತಿಗೂ ಅವರೇ ಅಧ್ಯಕ್ಷರು. ಮೂರು ತಿಂಗಳಿಗೊಮ್ಮೆ ನಡೆಯುವ ತಾಲ್ಲೂಕು ಮಟ್ಟದ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮ (ಕೆಡಿಪಿ) ಸಭೆಯಲ್ಲಿ ಇಲಾಖಾವಾರು ಪ್ರಗತಿ ಪರಿಶೀಲಿಸುತ್ತಾರೆ. ಕುಡಿಯುವ ನೀರು, ಮೇವು, ಬೆಳೆ ವಿಮೆ, ಕೆಟ್ಟುನಿಂತ ಟ್ರಾನ್ಸ್‌ಫಾರ್ಮರ್‌ಗಳ ವಿಚಾರದಲ್ಲಿ ಅಧಿಕಾರಿಗಳಿಗೆ ಬಿಸಿ ಮುಟ್ಟುವುದು ಅಲ್ಲೇ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಲ್ಲಿಯೂ ಶಾಸಕರಿಗೆ ಸದಸ್ಯತ್ವವಿದೆ.

ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿಯಿಂದ ವರ್ಷಕ್ಕೆ 2 ಕೋಟಿ ರೂಪಾಯಿ ಮೌಲ್ಯದ ಕಾಮಗಾರಿಗಳನ್ನು ಸೂಚಿಸಬಹುದು, ಮಂಜೂರಾತಿ ಜಿಲ್ಲಾಧಿಕಾರಿಯದು. ಸಮುದಾಯ ಭವನ, ಶಾಲಾ ಕೊಠಡಿ, ಹೈಮಾಸ್ಟ್ ದೀಪ, ಸಿಮೆಂಟ್ ರಸ್ತೆಗಳಿಗೆ ಇದು ಸಾಲುತ್ತದೆ, ನೀರಾವರಿಗೆ ಸಾಲದು. ದೊಡ್ಡ ಕೆಲಸಕ್ಕೆ ವಿಶೇಷ ಅನುದಾನ ಬೇಕು, ಅದಕ್ಕೆ ಸಂಪುಟದ ಸಾಮೀಪ್ಯ ಬೇಕು. ಪ್ರಚಾರದಲ್ಲಿ ‘ಮಂತ್ರಿಯಾಗುವ ಅಭ್ಯರ್ಥಿ’ ಎಂಬ ಮಾತು ಓಡುವುದು ಈ ಕಾರಣಕ್ಕೆ.

ಪ್ರಮುಖ ಸಾರ್ವಜನಿಕ ಪ್ರಶ್ನೆಗಳು

ಡಿ.ಎಂ. ನಂಜುಂಡಪ್ಪ ಸಮಿತಿಯ 2002ರ ವರದಿಯ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಈ ನಾಲ್ಕೂ ಇವೆ. ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಕೊರಟಗೆರೆ, ಮಧುಗಿರಿಗಳನ್ನು ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ವರ್ಷದ ಬಹುಪಾಲು ಅದು ಮರಳಿನ ಹಾದಿ. ಹೊರಗಿನ ನದಿಗಳ ನೀರೇ ಗತಿ ಎಂಬುದರಲ್ಲಿ ಯಾವ ಪಕ್ಷಕ್ಕೂ ಭಿನ್ನಾಭಿಪ್ರಾಯವಿಲ್ಲ.

ಶಿರಾಕ್ಕೆ ಹೇಮಾವತಿಯ ಜೊತೆಗೆ ಭದ್ರಾ ಮೇಲ್ದಂಡೆ ಯೋಜನೆಯ ನಿರೀಕ್ಷೆಯಿದೆ; ಪಾವಗಡವೂ ಅದರ ವ್ಯಾಪ್ತಿಯಲ್ಲಿದೆ. ಪಾವಗಡದ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಹಲ್ಲು ಕಂದುವುದು, ಕೀಲು ಬಿಗಿಯುವುದು ಇಲ್ಲಿನ ಹಳೆಯ ಕಾಯಿಲೆಗಳು. ಶುದ್ಧ ಕುಡಿಯುವ ನೀರಿನ ಘಟಕಗಳ ನಂತರ, ತುಂಗಭದ್ರಾ ಹಿನ್ನೀರಿನಿಂದ ನೀರು ತರುವ ಬಹುಗ್ರಾಮ ಯೋಜನೆ 2025ರಲ್ಲಿ ಉದ್ಘಾಟನೆಯಾಯಿತು.

ಎತ್ತಿನಹೊಳೆ ಯೋಜನೆಯಲ್ಲಿ ಕೊರಟಗೆರೆಯ ಸ್ಥಾನ ಇಕ್ಕಟ್ಟಿನದು. ಇಲ್ಲಿನ ಕೆರೆಗಳಿಗೂ ನೀರು ಸಿಗಬೇಕು. ಮುಳುಗಡೆಯಾಗಬೇಕಾದ ಭೂಮಿಯೂ ಇಲ್ಲಿನದೇ. ಕೊರಟಗೆರೆ ತಾಲ್ಲೂಕಿನ ಬೈರಗೊಂಡ್ಲು ಬಳಿ ಯೋಜಿಸಿದ ಜಲಾಶಯಕ್ಕೆ ಪಕ್ಕದ ದೊಡ್ಡಬಳ್ಳಾಪುರ ತಾಲ್ಲೂಕಿನ ಜಮೀನೂ ಬೇಕಿತ್ತು. ಬೆಂಗಳೂರಿಗೆ ಹತ್ತಿರವಾದ ಅಲ್ಲಿ ಮಾರ್ಗಸೂಚಿ ದರ ಹೆಚ್ಚು, ಕೊರಟಗೆರೆಯಲ್ಲಿ ಕಡಿಮೆ. ಒಂದೇ ನೀರಿನಡಿ ಮುಳುಗುವ ಜಮೀನಿಗೆ ಒಂದೇ ಪರಿಹಾರ ಕೊಡಬೇಕೆಂದು ರೈತರು ಪಟ್ಟು ಹಿಡಿದರು. ಕಾಮಗಾರಿ ವರ್ಷಗಟ್ಟಲೆ ನೆನೆಗುದಿಗೆ ಬಿತ್ತು. ಎರಡು ತಾಲ್ಲೂಕುಗಳ ರೈತರ ನಡುವೆ ಸಮಾನತೆ ತರುವುದು ಒಬ್ಬ ಶಾಸಕನ ಕೈಯಲ್ಲಿ ಇರಲಿಲ್ಲ.

ನೀರಿಲ್ಲದ ನೆಲಕ್ಕೆ ಬೇರೆ ದಾರಿ ತೋರಿದ್ದು ಪಾವಗಡದ ಸೌರ ವಿದ್ಯುತ್ ಪಾರ್ಕ್. ನಾಗಲಮಡಿಕೆ ಹೋಬಳಿಯ ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟ್ ಸಾಮರ್ಥ್ಯದೊಂದಿಗೆ ಇದು ಹರಡಿದೆ. 2018ರ ಮಾರ್ಚ್ 1ರಂದು ಮೊದಲ ಹಂತ ಉದ್ಘಾಟನೆಗೊಂಡಿತು. ಜಮೀನನ್ನು ಸ್ವಾಧೀನಪಡಿಸಿಕೊಳ್ಳದೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಶೇ 5ರಷ್ಟು ಏರುವ ಗುತ್ತಿಗೆಗೆ ಪಡೆಯಲಾಯಿತು. ಭೂಮಾಲೀಕರಿಗೆ ಇದರಿಂದ ಖಾತರಿಯ ಆದಾಯ ಬಂತು. ಜಮೀನಿಲ್ಲದೆ ಕೂಲಿ ಮತ್ತು ಕುರಿ ಮೇಯಿಸುವಿಕೆಯನ್ನೇ ನಂಬಿದ್ದವರ ಪಾಲಿಗೆ ಕೆಲಸವೂ ಮೇವಿನ ಜಾಗವೂ ಕಡಿಮೆಯಾದವು.

ಜಿಲ್ಲೆಯ ವಿಭಜನೆ ಇನ್ನೊಂದು ಹಳೆಯ ಬೇಡಿಕೆ. ಪಾವಗಡದ ಗಡಿ ಹಳ್ಳಿಗಳಿಂದ ತುಮಕೂರಿಗೆ ಹೋಗಿ ಬರಲು ಒಂದು ದಿನವೇ ಬೇಕು. ಮಧುಗಿರಿಯನ್ನು ಜಿಲ್ಲಾ ಕೇಂದ್ರ ಮಾಡಬೇಕೆಂದು ಅಲ್ಲಿನ ಶಾಸಕರು ಒತ್ತಾಯಿಸುತ್ತ ಬಂದಿದ್ದಾರೆ. ರಾಷ್ಟ್ರೀಯ ಹೆದ್ದಾರಿ 48ರ ಮೇಲಿರುವ ಶಿರಾದ ಕಡೆಯಿಂದಲೂ ಅದೇ ಹಕ್ಕೊತ್ತಾಯವಿದೆ. ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣವನ್ನು ಶಿರಾ ಭಾಗಕ್ಕೆ ತರಬೇಕೆಂದು ಜಯಚಂದ್ರ ವಾದಿಸಿದ್ದಾರೆ.

ಇಂದಿನ ಸ್ಥಿತಿ

2018ರಲ್ಲಿ ಶಿರಾ ಮತ್ತು ಮಧುಗಿರಿ ಜೆಡಿಎಸ್‌ಗೆ, ಕೊರಟಗೆರೆ ಮತ್ತು ಪಾವಗಡ ಕಾಂಗ್ರೆಸ್‌ಗೆ ಹೋಗಿದ್ದವು. 2023ರ ಮೇ ಚುನಾವಣೆಯಲ್ಲಿ ನಾಲ್ಕೂ ಕಾಂಗ್ರೆಸ್ ಪಾಲಾದವು. ಜೆಡಿಎಸ್‌ನ ಹಳೆಯ ನೆಲೆಯಾದ ಈ ಭಾಗದಲ್ಲಿ ಆ ಪಕ್ಷ ಒಂದೂ ಸ್ಥಾನ ಗೆಲ್ಲಲಿಲ್ಲ. ಬಿಜೆಪಿ 2020ರಲ್ಲಿ ಗಳಿಸಿದ್ದ ಶಿರಾವನ್ನು ಕಳೆದುಕೊಂಡಿತು.

2001ರ ಸಂವಿಧಾನದ 84ನೇ ತಿದ್ದುಪಡಿಯು ವಿಧಾನಸಭಾ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ಸ್ಥಿರಗೊಳಿಸಿದೆ. ಆಮೇಲಿನ ಮರುವಿಂಗಡಣೆಯಲ್ಲಿ ಪುರವರ, ಕೋರಾ, ಬುಕ್ಕಾಪಟ್ಟಣ ಹೋಬಳಿಗಳು ಯಾವ ಕ್ಷೇತ್ರಕ್ಕೆ ಸೇರುತ್ತವೆ, ಮಧುಗಿರಿ ಮತ್ತು ಕೊರಟಗೆರೆಗಳ ಮೀಸಲಾತಿ ಮತ್ತೆ ಅದಲುಬದಲಾಗುತ್ತದೆಯೇ ಎಂಬುದು ಆಯೋಗದ ಆದೇಶದಲ್ಲಿ ತೀರ್ಮಾನವಾಗಬೇಕಿದೆ.